ಹೆಗಲ ಮೇಲಿನ ಕೈ

ಹೋದ ತಿಂಗಳು ತಂಗಿಯ ಮಗಳ ಮದುವೆಗೆಂದು ಜಮಖಂಡಿಗೆ ಹೋಗಿದ್ದೆ. ಅಕ್ಷತೆಯ ಮರುದಿನ ಬೆಳಿಗ್ಗೆ ಮದುಮಕ್ಕಳನ್ನು ಬಾಗು ಎಂದು ಕರೆಯುವ ಹಳೇ ತೋಟಕ್ಕೆ ಕರೆದುಕೊಂಡು ಹೋಗಿ ಗಿಡಮರಗಳ ನಡುವೆ ಫೋಟೋ ತೆಗೆಸುವುದೆಂದು ಹುಡುಗರು ಗೊತ್ತುಮಾಡಿದರು. ನಾನು ಒಲ್ಲೆ ಎಂದೆ. "ಮಾಮಾ, ನಿಮ್ಮ ಅಂಗಡಿ ಅಲ್ಲೇ ಇತ್ತಂತಲ್ಲರಿ. ಬರ್ರಿ, ಹೆಂಗ ನಿಲ್ಲಬೇಕು ಅಂತ ನಾಕು ಮಾತು ಹೇಳಾಕ್ರಿ" ಎಂದು ಎಳೆದುಕೊಂಡೇ ಹೋದರು.

ಗೇಟು ದಾಟುತ್ತಲೇ ಆಕಾಶಮಲ್ಲಿಗೆಯ ವಾಸನೆ ಮೂಗಿಗೆ ಬಡಿಯಿತು. ರಾತ್ರಿ ಉದುರಿದ ಉದ್ದ ತೊಟ್ಟಿನ ಬಿಳಿ ಹೂ ದಾರಿಯ ತುಂಬ ಬಿದ್ದಿದ್ದವು. ಅಷ್ಟಕ್ಕೇ ನನ್ನ ಕಾಲು ತಡೆದವು. ಮುಂದೆ ವಿಡಿಯೋದ ಹುಡುಗ ಮದುಮಗನಿಗೆ ಹೇಳುತ್ತಿದ್ದ: "ಅಣ್ಣಾರ, ಹಿಂಗ ನಾಚಿಕೊಂಡ್ರ ಹೆಂಗ್ರಿ? ವೈನಿಯವರ ಹೆಗಲ ಮ್ಯಾಲೆ ಕೈ ಇಡ್ರಿ. ಹಾಂ, ಆ ಆಲದ ಗಿಡದ ಕಡೆ ಸ್ವಲ್ಪ ಸರೀರಿ."

ಅದೇ ಮರ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ಮಾಮಾಗ ಬಿಸಲ ಹತ್ತಿದಂಗ ಕಾಣ್ತೈತಿ" ಎಂದು ಯಾರೋ ನನ್ನನ್ನು ಹೊರಗೆ ಕರೆತಂದರು. ಬಿಸಿಲು ಇನ್ನೂ ಬಿದ್ದೇ ಇರಲಿಲ್ಲ.

ಆ ಮರದ ಕೆಳಗೆ, ಎಪ್ಪತ್ತರ ದಶಕದ ಆರಂಭದ ಒಂದು ಚಳಿಗಾಲದಲ್ಲಿ, ನಾನು ಒಬ್ಬ ಹೆಣ್ಣುಮಗಳ ಬದುಕನ್ನು ಕೆಡಿಸಿದೆ. ಕೈತಪ್ಪಿನಿಂದ ಆದದ್ದು ಅದರಲ್ಲಿ ಸ್ವಲ್ಪವೇ. ಉಳಿದದ್ದು ನನ್ನ ಬಾಯಿ ಮಾಡಿದ್ದು. ಬಾಯಿ ತೆರೆಯದೆ ಮಾಡಿದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮ್ಯಾಟ್ರಿಕ್ ಆದಮೇಲೆ ಮುಂದೆ ಓದುವ ಅನುಕೂಲವಿಲ್ಲದೆ ನಾನು ಮಿರಜದ ಒಬ್ಬ ಉಸ್ತಾದರ ಕೈಕೆಳಗೆ ಫೋಟೋ ಕೆಲಸ ಕಲಿತೆ. ಆಮೇಲೆ ಜಮಖಂಡಿಗೆ ಬಂದು ಬಾಗಿನ ಗೇಟಿನ ಬದಿಗೆ ಒಂದು ಕೋಣೆ ಹಿಡಿದೆ. ಕೋಣೆಯೊಳಗೆ ಸರೋವರ, ಹಂಸ ಬರೆದ ಪಡದೆ ಇತ್ತು. ಆದರೆ ಜನಕ್ಕೆ ಬಾಗೇ ಬೇಕು. "ಪಡದಿ ಮುಂದ ನಿಂತ್ರ ಸರಕಾರಿ ಕಾಗದಕ್ಕ ಹಚ್ಚೂ ಫೋಟೋ ಅನ್ನಸ್ತೈತ್ರಿ. ಗಿಡದ ಬುಡಕ್ಕ ನಿಂತ್ರ ಎಲ್ಲೋ ಊರಿಗೆ ಹೋಗಿಬಂದಂಗ ಇರ್ತೈತಿ" ಎನ್ನುತ್ತಿದ್ದರು. ಕೋರ್ಟಿಗೆ ತಾರೀಕಿಗೆ ಬಂದವರು, ಸಂತೆಗೆ ಬಂದ ಕುಟುಂಬದವರು, ಕಾಲೇಜಿನ ಗೆಳೆಯರು, ಹೊಸ ಜೋಡಿಗಳು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಅರಸರ ಕಾಲದ ಬಾಗು. ನೀರಿಲ್ಲದ ಕಾರಂಜಿ, ಸಾಲು ತೆಂಗು, ಬಾಳೆಯಂಥ ಎಲೆಯ ಕೆಂಪು ಹೂವಿನ ಗಿಡಗಳು, ನಡುವೆ ಆ ದೊಡ್ಡ ಆಲದ ಮರ, ಅದರ ಕೆಳಗೆ ಕಲ್ಲಿನ ಬಾಕು. ಮರದ ಮೇಲೆ ಹಗಲೆಲ್ಲ ಬಾವಲಿಗಳು ಹಳೇ ಕೊಡೆಗಳ ಹಾಗೆ ಜೋತುಬಿದ್ದಿರುತ್ತಿದ್ದವು.

ಹೊಸ ಜೋಡಿಗಳನ್ನು ಒಟ್ಟಿಗೆ ನಿಲ್ಲಿಸುವುದೇ ಕಷ್ಟದ ಕೆಲಸ. "ಏನ್ ತಮ್ಮಾ, ನಿಮ್ಮಿಬ್ಬರ ನಡುವ ಚಕ್ಕಡಿ ಹೋಗ್ತೈತಿ. ಸರಕೋ ಸ್ವಲ್ಪ" ಎಂದರೆ ಹುಡುಗ ಸರಿಯುವ ಬದಲು ಹುಡುಗಿಯೇ ತಲೆ ತಗ್ಗಿಸಿ ಅರ್ಧ ಹೆಜ್ಜೆ ಬರುತ್ತಿದ್ದಳು. ಮುಟ್ಟುವುದಂತೂ ಇಲ್ಲವೇ ಇಲ್ಲ. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ನಿಲ್ಲುವವರೆಂದರೆ ಗಂಡುಗೆಳೆಯರು ಮಾತ್ರ.

ನನ್ನದು ಮಡಿಚಿಡುವ ಹಳೆಯ ಕ್ಯಾಮೆರಾ. ಒಂದು ಫೋಟೋ ಹೊಡೆದ ಮೇಲೆ ಮೇಲಿನ ತಿರುಪು ತಿರುಗಿಸಿ ಫಿಲ್ಮನ್ನು ಮುಂದಕ್ಕೆ ಸುತ್ತಬೇಕು. ಮರೆತರೆ ತಡೆಯುವ ಏರ್ಪಾಡು ಅದರಲ್ಲಿರಲಿಲ್ಲ. ಮೊದಲಿನ ಚಿತ್ರದ ಮೇಲೆಯೇ ಎರಡನೆಯದು ಬಿದ್ದುಬಿಡುತ್ತಿತ್ತು. ಹೊಡೆದ ಕೂಡಲೇ ಸುತ್ತಿಡುವುದು ಎಲ್ಲರ ರೂಢಿ. ನನ್ನ ಉಸ್ತಾದರದು ಬೇರೆ. "ಮೊದಲ ಸುತ್ತಿಟ್ಟ ಫಿಲ್ಮ್ ಸಡ್ಲಾಗ್ತೈತಿ, ಮಾರಿ ಮಸಕಾಗ್ತಾವ. ಮಂದೀನ ನಿಲ್ಲಸು, ಆಮ್ಯಾಲೆ ಸುತ್ತು, ಹೊಡಿ" ಎಂದು ಕಲಿಸಿದ್ದರು. ನಾನು ಅದನ್ನೇ ಪಾಲಿಸುತ್ತಿದ್ದೆ. ಎಂದೂ ತಪ್ಪಿರಲಿಲ್ಲ.

ದೀಪಾವಳಿ ಮುಗಿದು ಕಬ್ಬಿನ ಗಾಣಗಳು ಸುರುವಾಗಿದ್ದವು. ಬೆಳಗಿನ ಮಂಜಿನಲ್ಲಿ ಬೆಲ್ಲದ ವಾಸನೆಯೂ ಆಕಾಶಮಲ್ಲಿಗೆಯ ವಾಸನೆಯೂ ಕೂಡಿ ಒಂದು ನಮೂನೆ ತಲೆ ಹಿಡಿದ ಹಾಗಾಗುತ್ತಿತ್ತು. ಅಂಥ ಒಂದು ಬೆಳಿಗ್ಗೆ ಕಾಲೇಜಿನ ಇಬ್ಬರು ಗೆಳೆಯರು ಬಂದರು. ಒಬ್ಬನದು ಬಿಳಿ ಅಂಗಿ, ಇನ್ನೊಬ್ಬನದು ಕರಿ ಅಂಗಿ. ಆಲದ ಮರದ ಮುಂದೆ ನಿಲ್ಲಿಸಿದೆ. ಬಿಳಿ ಅಂಗಿಯವನು ಕರಿ ಅಂಗಿಯವನ ಹೆಗಲ ಮೇಲೆ ಕೈ ಇಟ್ಟು, ನಾನು ಹೊಡೆಯುವ ಹೊತ್ತಿಗೆ ಸರಿಯಾಗಿ ಕಿಸಕ್ಕನೆ ನಕ್ಕು ತಲೆ ಅಲ್ಲಾಡಿಸಿದ. "ಕೆಡಿಸಿದ್ಯಲ್ಲೋ ಮಂಗ್ಯಾ" ಎಂದು ಗೆಳೆಯ ಬೈದ. ಇಬ್ಬರೂ ನಗುತ್ತ ಹೊರಟರು.

ಅವರು ಗೇಟು ದಾಟುವ ಮೊದಲೇ ಬನಹಟ್ಟಿಯ ಒಂದು ನೇಕಾರರ ಕುಟುಂಬ ಒಳಗೆ ಬಂತು. ಶಿವಲಿಂಗಪ್ಪ ಎಂಬ ಹಿರಿಯರು, ಅವರ ಹೆಂಡತಿ ಗಂಗವ್ವ, ಅವರ ಸೊಸೆ ಕಮಲವ್ವ. ಸೊಸೆಗೆ ಇಪ್ಪತ್ತು ದಾಟಿರಬಹುದು. ಕಡುನೀಲಿ ಸೀರೆ, ಬೋಳು ಹಣೆ, ಬರಿಗೈ.

"ನಮ್ಮ ಸೊಸಿರಿ" ಎಂದರು ಶಿವಲಿಂಗಪ್ಪ. "ಬರೂ ತಿಂಗಳ ಉಡಿಕಿ ಮಾಡಿ ಕೊಡಾಕತ್ತೇವಿ. ಮುಧೋಳ ಕಡೀ ಹುಡುಗ, ಸಮೀರವಾಡಿ ಸಕ್ಕರಿ ಫ್ಯಾಕ್ಟರಿಯಾಗ ಅದಾನ. ಛಲೋ ಹುಡುಗ. ಮಗಳಿಲ್ಲದ ಮನಿಗೆ ಮಗಳಾಗಿದ್ಲರಿ ಈಕಿ. ಹೋಗೂಕಿಂತ ಮೊದಲ ಒಂದು ಫೋಟೋ ಇರ್ಲಿ ಅಂತ ಬಂದೇವಿ."

ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಂದು ಮನೆಗೆ ಕೊಡುವ ಉಡಿಕೆ ನಮ್ಮ ಕಡೆ ಹೊಸದಲ್ಲ. ಆದರೆ ಅತ್ತೆ ಮಾವಂದಿರೇ ಮುಂದೆ ನಿಂತು ಮಾಡುವುದು ದೊಡ್ಡ ಮನಸ್ಸಿನ ಮಾತು. ನನಗೆ ಅವರ ಮೇಲೆ ಗೌರವ ಬಂತು. ಹಿರಿಯರಿಬ್ಬರನ್ನು ಬಾಕಿನ ಮೇಲೆ ಕೂಡಿಸಿ, ಸೊಸೆಯನ್ನು ಹಿಂದೆ ನಿಲ್ಲಿಸಿದೆ. ಗಂಗವ್ವ ಬಾಕಿನ ತುದಿಗೆ ಹೋಗಿ ಕೂತು ನಡುವೆ ಜಾಗ ಬಿಟ್ಟರು.

"ಆಯಿ, ಇತ್ತಾಗ ಸರೀರಿ."

"ಇಲ್ಲಿ ನಮ್ಮ ಬಸು ಕೂಡ್ತಾನ" ಎಂದರು, ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ.

ನಾನು ತಬ್ಬಿಬ್ಬಾಗಿ ಶಿವಲಿಂಗಪ್ಪನವರ ಮುಖ ನೋಡಿದೆ. ಅವರು ನನ್ನ ಹತ್ತಿರ ಎದ್ದುಬಂದು ಮೆಲ್ಲಗೆ ಹೇಳಿದರು. ಮಗ ಹಿಂದಿನ ಮಳೆಗಾಲದಲ್ಲಿ ತುಬಚಿಯ ಕಡೆ ಹೊಳೆ ದಾಟುವಾಗ ನಾವೆಯಿಂದ ಬಿದ್ದು ಹೋದನಂತೆ. "ಹೆಣ ಸಿಗಲಿಲ್ಲರಿ. ಮಣ್ಣ ಕೊಡಲಿಲ್ಲ. ಅದಕ್ಕ ನಮ್ಮ ಮನಿಯಾಕಿ ಇನ್ನೂ ನಂಬೂದಿಲ್ಲ. ಉಡಿಕಿಗೂ ಹೂಂ ಅಂದಾಳ, ಆದ್ರ ಮನಸಿನಿಂದ ಅಲ್ಲ." ಅವರು ಹೋಗಿ ಹೆಂಡತಿಯ ಪಕ್ಕಕ್ಕೆ ಸರಿದು ಕೂತರು. ಅಷ್ಟರಲ್ಲಿ ಮರದ ಮೇಲಿನ ಬಾವಲಿಗಳು, ಹಗಲು ಹೊತ್ತಿನಲ್ಲಿ, ಯಾರೂ ಕಲ್ಲೆಸೆಯದೆ, ಒಮ್ಮೆಲೇ ಎದ್ದವು. ಮಂಜಿನೊಳಗೆ ಕಪ್ಪಗೆ ಒಂದು ಸುತ್ತು ಹಾಕಿ ತಿರುಗಿ ಬಂದು ಜೋತುಬಿದ್ದವು. ಕಮಲವ್ವ ತಟ್ಟನೆ ತನ್ನ ಬಲಕ್ಕೆ ನೋಡಿದಳು. ಅದೇ ಗಳಿಗೆಗೆ ನನ್ನ ಬೆರಳು ಒತ್ತಿತು.

"ಯಾಕ ತಂಗಿ, ಆ ಕಡೆ ನೋಡಿದಿ?"

"ಯಾರೋ ನಕ್ಕಂಗಾತ್ರಿ."

ಗೇಟಿನ ಹತ್ತಿರ ಆ ಗೆಳೆಯರು ಇನ್ನೂ ನಗುತ್ತಿದ್ದರು. ಅದನ್ನೇ ಹೇಳಿದೆ. ಅವಳು ತಲೆಯಾಡಿಸಿದಳು.

ಸಂಜೆ ಕತ್ತಲಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಕಾಗದವನ್ನು ದ್ರಾವಣದ ತಟ್ಟೆಗೆ ಹಾಕಿದೆ. ಮೊದಲು ಶಿವಲಿಂಗಪ್ಪನವರ ಟೊಪ್ಪಿಗೆ ಮೂಡಿತು. ಆಮೇಲೆ ಗಂಗವ್ವನ ಮುಖ. ಆಮೇಲೆ ಬಲಕ್ಕೆ ತಿರುಗಿದ ಕಮಲವ್ವ. ಆಮೇಲೆ, ಮರದ ಕಪ್ಪಿನೊಳಗಿಂದ, ಅವಳ ಬಲಕ್ಕೆ, ಅಲ್ಲಿ ಇಲ್ಲದಿದ್ದ ಒಬ್ಬ ಗಂಡಸು ನಿಧಾನಕ್ಕೆ ಬಂದು ನಿಂತ. ಬಿಳಿ ಅಂಗಿ. ಅಲುಗಿ ಮಸಕಾದ ಮುಖ, ನಗುವುದು ಮಾತ್ರ ತಿಳಿಯುತ್ತದೆ. ಕೈ ಅವಳ ಹೆಗಲ ಮೇಲಿತ್ತು. ಅವಳು ಅವನನ್ನೇ ನೋಡುತ್ತಿದ್ದಳು.

ತಟ್ಟೆ ಬಿಟ್ಟು ಹಿಂದಕ್ಕೆ ಸರಿದೆ. ಒಂದು ಗಳಿಗೆಯ ಮೇಲೆ ಬುದ್ಧಿ ಬಂತು: ಫಿಲ್ಮು ಸುತ್ತಿರಲಿಲ್ಲ. ಬಿಳಿ ಅಂಗಿಯವನು ಮರದ ನೆರಳಿನ ಮೇಲೆ ಎದ್ದು ಕಂಡಿದ್ದ. ಕರಿ ಅಂಗಿಯವನ ಮೈ ಕಮಲವ್ವನ ಕಡುನೀಲಿ ಸೀರೆಯಲ್ಲಿ, ಮುಖ ಅವಳ ಮುಖದಲ್ಲಿ ಅಳಿಸಿಹೋಗಿತ್ತು. ಅವನ ಹೆಗಲಿನ ಮೇಲಿದ್ದ ಕೈ ಅವಳ ಹೆಗಲಿಗೆ ಬಂದಿತ್ತು. ಅಷ್ಟೇ. ಒಬ್ಬನೇ ನಕ್ಕೆ. ಇವರಿಗೂ ಅವರಿಗೂ ಮತ್ತೆ ತೆಗೆದುಕೊಟ್ಟರಾಯಿತು ಎಂದುಕೊಂಡು, ಏಕೋ ಹರಿದೊಗೆಯದೆ, ಆ ಪ್ರತಿಯನ್ನು ಒಣಗಲು ತೂಗುಹಾಕಿದೆ.

ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಶಿವಲಿಂಗಪ್ಪ, ಗಂಗವ್ವ ಬಂದು ನಿಂತಿದ್ದರು. ಬೀಳಗಿಯ ಒಬ್ಬ ಗುಮಾಸ್ತರೂ ಹೆಂಡತಿಯೊಂದಿಗೆ ತಮ್ಮ ಫೋಟೋಕ್ಕೆ ಬಂದಿದ್ದರು. ಗಂಗವ್ವ ನೇರ ಹಗ್ಗದ ಹತ್ತಿರ ಹೋದರು. ನೋಡಿದರು. ಕೂಗಲಿಲ್ಲ, ಅಳಲಿಲ್ಲ. ಗಂಡನ ಕಡೆ ತಿರುಗಿ, ನಾ ಹೇಳಿರಲಿಲ್ಲವೇ ಎನ್ನುವವರ ಹಾಗೆ, "ಬಂದಾನ ನೋಡ್ರಿ" ಎಂದರು.

ಗುಮಾಸ್ತರ ಹೆಂಡತಿ ಬಾಯಿಗೆ ಸೆರಗು ಹಿಡಿದರು. "ಮಾಸ್ತರ, ಇದೇನ್ರಿ ಇದು?" ಎಂದರು ಗುಮಾಸ್ತರು. ಶಿವಲಿಂಗಪ್ಪ ನನ್ನನ್ನು ನೋಡಿದರು. ಅವರ ಕಣ್ಣು ಒಂದು ಮಾತು ಕೇಳುತ್ತಿತ್ತು. ಹೇಳಬೇಕಾಗಿದ್ದ ಮಾತು ಎಷ್ಟು ಸಣ್ಣದು: ತಾಯಿ, ಇದು ನನ್ನ ತಪ್ಪು, ಫಿಲ್ಮು ಸುತ್ತುವುದನ್ನು ಮರೆತೆ. ಆದರೆ ಬಜಾರದಲ್ಲಿ ಹೊಸ ಸ್ಟುಡಿಯೋ ಒಂದು ಆಗಲೇ ಬಾಗಿಲು ತೆರೆದಿತ್ತು. ಗಿರಾಕಿಗಳ ಎದುರಿಗೆ, ಫಿಲ್ಮು ಸುತ್ತಲೂ ಬಾರದವನು ಎನ್ನಿಸಿಕೊಳ್ಳುವುದು ಹೇಗೆ? ನಾಳೆ ಇವರೊಬ್ಬರನ್ನೇ ಕರೆದು ಹೇಳೋಣ ಎಂದುಕೊಂಡೆ. ಗಂಗವ್ವ ಆ ಪ್ರತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇಬಿಟ್ಟರು.

ಕಾಲೇಜಿನ ಗೆಳೆಯರಿಗೆ ಬೆಳಕು ಹೊಕ್ಕು ಫಿಲ್ಮು ಕೆಟ್ಟಿತು ಎಂದು ಹೇಳಿ, ಮತ್ತೆ ನಿಲ್ಲಿಸಿ ತೆಗೆದೆ. ಬಿಳಿ ಅಂಗಿಯವನು ಎದುರಿಗೆ ನಿಂತು ಕ್ರಾಪು ತೀಡಿಕೊಳ್ಳುತ್ತಿದ್ದ. ಅವನನ್ನು ನೋಡಲು ನನಗೆ ಅಂಜಿಕೆಯಾಗುತ್ತಿತ್ತು. "ಯಾಕ್ರಿ ಮಾಸ್ತರ, ದೆವ್ವಾ ಕಂಡಾವ್ರಂಗ ನೋಡ್ತೀರಿ?" ಎಂದು ನಕ್ಕ. ಉಂಡು ತಿಂದು ಊರೊಳಗೆ ಓಡಾಡುವ ಸಾಕ್ಷಿ ಅವನು. ಒಂದು ಮಾತು ಹೇಳಿದ್ದರೆ ಬನಹಟ್ಟಿಗೆ ನನ್ನ ಜೊತೆ ಬರುತ್ತಿದ್ದ. ನಾನು ಹೇಳಲಿಲ್ಲ.

ಸುದ್ದಿ ಗುಮಾಸ್ತರ ಜೊತೆ ಬೀಳಗಿಗೆ ಹೋಯಿತು, ಬಸ್ಸಿನಲ್ಲಿ ರಬಕವಿಗೆ ಹೋಯಿತು, ಮುಧೋಳಕ್ಕೆ ಹೋಯಿತು. ಜನ ಬರತೊಡಗಿದರು. "ನಮ್ಮವ್ವ ಬರ್ತಾಳೇನ್ರಿ?" ಎಂದು, ಬಸ್ಸು ಬರುತ್ತದೆಯೇ ಎಂದು ಕೇಳುವವರಂತೆ ಕೇಳುತ್ತಿದ್ದರು. "ನನ್ನ ಕೈಯಾಗ ಏನೈತ್ರಿ? ನಾ ತಗಿತೀನಿ ಅಷ್ಟ" ಎನ್ನುತ್ತಿದ್ದೆ. ಖರೆ ಹೇಳುತ್ತೇನೆ, ಒಂದು ಫೋಟೋದಲ್ಲೂ ನಾನು ಕೈಚಳಕ ಮಾಡಲಿಲ್ಲ. ಮಾಡುವ ಅಗತ್ಯವೇ ಇರಲಿಲ್ಲ. ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡ ತಂದೆತಾಯಿ, ತೋಳಿನ ಅಂತರದಲ್ಲಿ ನಿಂತ ಜೋಡಿಗಳು, ಎಲ್ಲರೂ ತಮ್ಮ ಪಕ್ಕದಲ್ಲಿ ಒಬ್ಬರ ಜಾಗ ಬಿಟ್ಟು ನಿಲ್ಲತೊಡಗಿದರು. ಆಮೇಲೆ ಆ ಖಾಲಿ ಜಾಗದ ಎಲೆನೆರಳಿನಲ್ಲಿ ತಮಗೆ ಬೇಕಾದವರನ್ನು ಹುಡುಕಿಕೊಳ್ಳುತ್ತಿದ್ದರು. ಇಬ್ಬರು ಅಣ್ಣತಮ್ಮಂದಿರು ಅಂಗಡಿಯಲ್ಲೇ ಜಗಳಾಡಿದರು. "ಇಂವ ಅಪ್ಪ ಅಲ್ಲಲೇ, ಕಾಕಾ. ಮೀಸಿ ನೋಡು." "ಕಾಕಾಗ ಯಾರು ಕರದಿದ್ರು? ಅಪ್ಪನ ಇಂವ!"

ನಗು ಬರುತ್ತಿತ್ತು. ಆದರೆ ಒಬ್ಬನೇ ಕತ್ತಲಕೋಣೆಗೆ ಹೋಗುವುದನ್ನು ದಿನದಿನಕ್ಕೆ ಮುಂದೂಡತೊಡಗಿದೆ. ತಟ್ಟೆಯಲ್ಲಿ ಕಾಗದ ತೇಲುವಾಗ ಆ ಖಾಲಿ ಜಾಗದ ಮೇಲೆಯೇ ಕಣ್ಣು ಹೋಗುತ್ತಿತ್ತು. ಅಲ್ಲಿ ಒಂದು ಹಣೆ, ಒಂದು ಮೊಣಕೈ ಕಂಡ ಹಾಗಾಗುತ್ತಿತ್ತು. ಕಡೆಕಡೆಗೆ ಪ್ರತಿಗಳನ್ನು ಮಗುಚಿ ಒಣಗಿಸುತ್ತಿದ್ದೆ.

ಗಂಗವ್ವ ಆ ಫೋಟೋವನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡಬೇಕೆಂದು ಹೇಳಿಕಳಿಸಿದ್ದರು. ನಾನೇ ಒಯ್ದೆ. ದಾರಿಯುದ್ದಕ್ಕೂ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ. ಬನಹಟ್ಟಿಯ ಓಣಿಯಲ್ಲಿ ಎಲ್ಲ ಮನೆಗಳಲ್ಲೂ ಮಗ್ಗದ ಸದ್ದು. ಅವರ ಮನೆಯಲ್ಲಿ ಮಗ್ಗ ಸುಮ್ಮನಿತ್ತು. ಮಗನ ಮಗ್ಗದ ಮುಂದೆ ಒಂದು ಜೊತೆ ಗಂಡಸರ ಚಪ್ಪಲಿ ಒರೆಸಿ ಇಟ್ಟಿದ್ದರು. ಕಮಲವ್ವ ನೀರು ತಂದುಕೊಟ್ಟಳು. ಮುಂಗೈ ತುಂಬ ಹಸಿರು ಬಳೆ, ಹಣೆಯಲ್ಲಿ ಕುಂಕುಮ. ನಾನು ಬಳೆಗಳನ್ನೇ ನೋಡಿದೆ.

"ಗಂಡ ಮನಿಗೆ ಬಂದ ಮ್ಯಾಲೆ ಬಳಿ ಇಡದಿದ್ರ ಹೆಂಗ್ರಿ?" ಎಂದರು ಗಂಗವ್ವ. ಫೋಟೋವನ್ನು ಮೊಳೆಗೆ ಸಿಕ್ಕಿಸಿದೆ. ರೂಢಿಯಂತೆ ಒಂದು ಹೂಮಾಲೆ ತಂದಿದ್ದೆ. ಹಾಕಹೋದರೆ ನನ್ನ ಕೈ ಹಿಡಿದರು. "ಜೀವಂತ ಇದ್ದಾವಗ ಮಾಲಿ ಹಾಕ್ತಾರೇನ್ರಿ ಮಾಸ್ತರ?" ಊಟಕ್ಕೆ ಕೂತಾಗ ನನ್ನ ಪಕ್ಕದಲ್ಲಿ ಇನ್ನೊಂದು ಗಂಗಾಳ ಇಟ್ಟರು. ಕಮಲವ್ವ ಅದಕ್ಕೂ ರೊಟ್ಟಿ ಬಡಿಸಿದಳು, ಪಲ್ಯ ಬಡಿಸಿದಳು. ಶಿವಲಿಂಗಪ್ಪ ತಲೆ ಎತ್ತದೆ ಉಂಡರು. ನನ್ನ ಎಡಗಡೆಯ ಮೈಯೆಲ್ಲ ತಣ್ಣಗಾಗಿತ್ತು.

ಕೈತೊಳೆಯಲು ಹಿತ್ತಲಿಗೆ ಹೋದಾಗ ಕಮಲವ್ವ ತಂಬಿಗೆ ಹಿಡಿದು ಬಂದಳು.

"ಅಂವ ಯಾರ್ರಿ?" ಎಂದಳು.

ನಾನು ಕೈ ತೊಳೆಯುತ್ತಲೇ ಇದ್ದೆ.

"ಅವರಲ್ಲರಿ. ನನಗ ಗೊತ್ತೈತಿ. ಮುಖ ಯಾರದರ ಆಗವಲ್ದ್ಯಾಕ, ಆ ಕೈ ಅವರದಲ್ಲ. ಅತ್ತಿ ಮಾವನ ಮುಂದ ಅವರು ನನ್ನ ಜೋಡಿ ಮಾತಾಡಾಕೂ ನಾಚತಿದ್ರು. ಬದುಕಿದ್ದಾಗ ಇಡದ ಕೈ ಸತ್ತ ಮ್ಯಾಲೆ ಇಡ್ತಾರೇನ್ರಿ?" ಒಮ್ಮೆ ಒಳಗಿನ ಕಡೆ ತಿರುಗಿ ನೋಡಿದಳು. "ಗಂಡ ಇದ್ದಾಕಿಗೆ ಉಡಿಕಿ ಹೆಂಗಂತ ಅತ್ತಿ ಅಂತಾರ. ರಾತ್ರಿ ಎರಡು ಹಾಸಗಿ ಹಾಸಸ್ತಾರ. ನನಗ ಅಂಜಿಕಿ ಬರ್ತೈತ್ರಿ ಅಣ್ಣಾ. ಸೋಮವಾರ ನ್ಯಾಯಕ್ಕ ಹಿರ್ಯಾರ ದೈವ ಕೂಡ್ತೈತಿ. ಅವರೂ ಬರ್ತಾರ, ಸಮೀರವಾಡಿಯವರು. ನೀವು ಬಂದು ಒಂದ ಮಾತು ಹೇಳ್ರಿ. ಇದು ಹೆಂಗಾತು ಅಂತ ಹೇಳ್ರಿ, ಸಾಕು."

"ಬರ್ತೀನಿ ತಂಗಿ. ಹೇಳ್ತೀನಿ" ಎಂದೆ. ಅಣ್ಣಾ ಎಂದಿದ್ದಳು.

ಸೋಮವಾರ ಗುಡಿಯ ಕಟ್ಟೆಯ ಮೇಲೆ ಓಣಿಯ ಹಿರಿಯರ ದೈವ ಕೂಡಿತು. ಸಮೀರವಾಡಿಯ ಮಹಾದೇವ ಒಗೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಫೋಟೋವನ್ನು ಅವನ ಕೈಗೆ ಕೊಟ್ಟರು. ಬಹಳ ಹೊತ್ತು ನೋಡಿ, ಹಿಂದೆ ಏನಾದರೂ ಇದೆಯೋ ಎಂದು ತಿರುಗಿಸಿಯೂ ನೋಡಿದ. "ಬದುಕಿದ್ದಾವನ ಜೋಡಿ ಆದ್ರ ನ್ಯಾಯ ಮಾಡಬೌದ್ರಿ. ಇಂಥಾವನ ಜೋಡಿ ಹೆಂಗ ಮಾಡ್ಲಿ?" ಎಂದ. ಯಾರೂ ನಗಲಿಲ್ಲ.

ದೈವದ ಹಿರಿಯರು ನನ್ನ ಕಡೆ ತಿರುಗಿದರು. "ಮಾಸ್ತರ, ಗುಡಿ ಮುಂದ ಕುಂತೀರಿ. ಇದರಾಗ ನೀವೇನರ ಕೈಯಾಡಿಸೀರೇನು?"

ನನ್ನ ಫೋಟೋಗಳನ್ನು ಮನೆಯಲ್ಲಿಟ್ಟುಕೊಂಡ ಎಷ್ಟೋ ಜನ ಅಲ್ಲಿ ಕೂತಿದ್ದರು. ತಾಯಿಯನ್ನು ಕಂಡವರು, ಮಗುವನ್ನು ಕಂಡವರು. ಒಂದು ಫೋಟೋ ಸುಳ್ಳೆಂದರೆ ಎಲ್ಲವೂ ಸುಳ್ಳಾಗುತ್ತಿದ್ದವು. ಅವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಗುಡಿಯ ಬಾಗಿಲ ಮರೆಯಲ್ಲಿ ಹಸಿರು ಬಳೆಯ ಕೈಯೊಂದು ಚೌಕಟ್ಟು ಹಿಡಿದಿತ್ತು.

"ಇಲ್ಲರಿ. ನಾ ಏನೂ ಕೈಯಾಡಿಸಿಲ್ಲ" ಎಂದೆ.

ಅದು ಖರೆಯೇ. ಕೇಳಿದ ಪ್ರಶ್ನೆಗೆ ಖರೆ ಉತ್ತರ. ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಹಿರಿಯರು "ಆತು" ಎಂದು ಎದ್ದರು. ನಾನೂ ಎದ್ದೆ. ಚೌಕಟ್ಟಿನ ಮೇಲೆ ಆ ಕೈ ಇರಲಿಲ್ಲ.

ಮಹಾದೇವ ಆ ವರ್ಷವೇ ಬೇರೆ ಕಡೆ ಲಗ್ನವಾದ. ನಾನು ಬೇಸಿಗೆಯೊಳಗೆ ಜಮಖಂಡಿ ಬಿಟ್ಟು ಮುಧೋಳಕ್ಕೆ ಹೋದೆ. ಅಲ್ಲಿ ಅಂಗಡಿ ನಡೆಸಿದಷ್ಟು ಕಾಲವೂ ಪಡದೆಯ ಮುಂದೆ, ದೀಪದ ಕೆಳಗೆ ಮಾತ್ರ ಫೋಟೋ ತೆಗೆದೆ. ಮರದ ಕೆಳಗೆ ಮತ್ತೆ ಯಾರನ್ನೂ ನಿಲ್ಲಿಸಲಿಲ್ಲ. ಬನಹಟ್ಟಿ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಇಪ್ಪತ್ತೈದು ವರ್ಷ ನಾನು ಆ ಬಸ್ಸು ಹತ್ತಲಿಲ್ಲ.

ಹೋದ ತಿಂಗಳು ಆ ಬೆಳಿಗ್ಗೆ ಬಾಗಿನಿಂದ ಹೊರಗೆ ಬಂದವನು ಮದುವೆ ಮನೆಗೆ ಹೋಗದೆ ನೇರ ಬನಹಟ್ಟಿಗೆ ಹೋದೆ. ಓಣಿಯಲ್ಲೀಗ ಕರೆಂಟಿನ ಮಗ್ಗಗಳ ಗದ್ದಲ, ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಶಿವಲಿಂಗಪ್ಪ, ಗಂಗವ್ವ ಹೋಗಿ ಎಷ್ಟೋ ವರ್ಷಗಳಾದವೆಂದು ಪಕ್ಕದವರು ಹೇಳಿದರು. ಕಮಲವ್ವ ಕಟ್ಟೆಯ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೂದಲು ನೆರೆತಿತ್ತು. ಕುಂಕುಮ ದೊಡ್ಡದಾಗಿತ್ತು, ಬಳೆಗಳು ಹಸಿರಾಗಿಯೇ ಇದ್ದವು. ನನ್ನ ಗುರುತು ಹಿಡಿದು ಕುಳಿತುಕೊಳ್ಳಲು ಹೇಳಿದಳು.

ನಾನು ಕೂಡಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಇಬ್ಬರು ಗೆಳೆಯರು, ಬಿಳಿ ಅಂಗಿ, ಸುತ್ತದ ಫಿಲ್ಮು, ಗುಡಿಯ ಕಟ್ಟೆ. ಹೇಳುತ್ತ ಅತ್ತುಬಿಟ್ಟೆ. ಗದ್ದಲದಲ್ಲಿ ಕೇಳಲೆಂದು ದನಿ ಏರಿಸಿದ್ದೆ. ಅವಳು ನೂಲು ಕೆಳಗಿಟ್ಟು, ಎದ್ದು, ಒಳಕೋಣೆಯ ಬಾಗಿಲು ಎಳೆದುಕೊಂಡು ಬಂದಳು.

"ಮೆಲ್ಲಕ ಹೇಳ್ರಿ" ಎಂದಳು. "ಕೇಳಿಸಿಕೊಂಡಾರು."

ಮುಚ್ಚಿದ ಬಾಗಿಲನ್ನು ನೋಡಿದೆ. "ತಂಗಿ, ಒಳಗ ಯಾರದಾರ?"

ಅವಳು ಬಾಗಿಲಿಗೆ ಬೆನ್ನು ಮಾಡಿ ನಿಂತಳು. ನನ್ನ ಮೇಲೆ ಸಿಟ್ಟು ಕೂಡ ಇರಲಿಲ್ಲ ಅವಳ ಮುಖದಲ್ಲಿ. ದಾರಿ ಕೇಳಿದ ಅಪರಿಚಿತನನ್ನು ನೋಡುವಂತೆ ನೋಡಿದಳು. "ಅವತ್ತ ಹೇಳಿದ್ರ ಬ್ಯಾರೆ ಇತ್ತು. ಇಷ್ಟು ವರ್ಷ ಆ ಕೈಗೆ ಉಣ್ಣಾಕ ಇಟ್ಟೇನಿ. ಮೊದಮೊದಲ ಅಂಜಿದೆ, ಬೈದೆ, ಅತ್ತೆ. ಆಮ್ಯಾಲೆ ಬಾಳೇವು ಮಾಡೇನಿ. ಈಗ ಬಂದು ಅಂವ ಯಾವನೋ ಅಂತೀರಿ. ಹಂಗಾದ್ರ ನಾ ಯಾರ ಹೇಣ್ತಿರಿ?"

ಕೈಮುಗಿದೆ. ಅವಳೂ ಮುಗಿದಳು. ಚಪ್ಪಲಿ ಮೆಟ್ಟಿಕೊಂಡು ಕಟ್ಟೆ ಇಳಿದೆ. ಆಗ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ಹಿಂದೆ ಒಳಕೋಣೆಯ ಬಾಗಿಲು ತೆರೆದ ಸದ್ದು, ಕಮಲವ್ವನ ತಗ್ಗಿದ ದನಿ ಕೇಳಿಸಿತು.

"ಯಾರೂ ಅಲ್ಲ ಬಿಡ್ರಿ. ಮನಿ ತಪ್ಪಿ ಬಂದಿದ್ರು."